ಗೌರೀಶನ ಹೆಸರಿನ ರಕ್ತ

ವ್ಯಾನು ಮಧುಗಿರಿ ದಾಟಿ ಶಿರಾ ರಸ್ತೆಗೆ ಹೊರಳಿದ ಮೇಲೂ, ತಾನೇ ಬರುತ್ತೇನೆಂದು ಯಾಕೆ ಹೇಳಿದೆ ಎನ್ನುವುದು ಭುವನಾಗೆ ತಿಳಿಯಲಿಲ್ಲ. ತೊಡೆಯ ಮೇಲೆ ಐಸ್ ಡಬ್ಬಿ, ಕಾಲ ಬಳಿ ಸೂಜಿ, ಹತ್ತಿ, ಟ್ಯೂಬುಗಳ ಚೀಲ. ನಿನ್ನೆ ಲ್ಯಾಬಿನ ಶಟರ್ ಎಳೆಯುವಾಗ ಮಾಲೀಕ ಸಂಜೀವಯ್ಯ, "ನಾಳೆ ಪ್ರಿಂಟಿಂಗ್ ಫ್ಯಾಕ್ಟ್ರೀಲಿ ಬ್ಲಡ್ ಟೆಸ್ಟ್ ಕ್ಯಾಂಪು. ನೀನು ಇಲ್ಲೇ ಇರು ಕಣಮ್ಮ, ನಾನು ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗ್ತೀನಿ" ಅಂದಿದ್ದರು. ಒಳ್ಳೆಯದಕ್ಕೇ ಅಂದಿದ್ದರು. ಅವರ ಮಾತು ಮುಗಿಯುವ ಮೊದಲೇ "ನಾನೇ ಬರ್ತೀನಿ ಸಾರ್" ಎಂದು ಅವಳ ಬಾಯಿಂದ ಬಂದುಬಿಟ್ಟಿತ್ತು. ಏಳು ತಿಂಗಳಿಂದ ಅವಳ ಮಾತೆಲ್ಲ ಹೀಗೇ ಆಗಿತ್ತು. ಒಳಗೆ ಕೂತ ಯಾರೋ ಆಡಿದಂತೆ, ಅವಳು ಪಕ್ಕದಲ್ಲಿ ನಿಂತು ಕೇಳಿಸಿಕೊಂಡಂತೆ. ಗಂಡ ತೀರಿಹೋದ ಹೆಂಗಸು ಅವನು ಕೆಲಸ ಮಾಡುತ್ತಿದ್ದ ಶೆಡ್ಡಿಗೆ ರಕ್ತ ತೆಗೆಯಲು ಹೋಗುತ್ತಿದ್ದಾಳೆ ಎಂದು ಅವಳು ತನಗೆ ತಾನೇ ಒಮ್ಮೆ ಹೇಳಿಕೊಂಡು ನೋಡಿದಳು. ಬೇರೆ ಯಾರದೋ ಸುದ್ದಿಯಂತೆ ಅದು ಕಿವಿಯ ಪಕ್ಕದಲ್ಲೇ ಹಾದುಹೋಯಿತು.

"ಮುಖ ಒಂಚೂರು ಸಡಿಲ ಬಿಟ್ಕೊಮ್ಮ," ಸಂಜೀವಯ್ಯ ಗೇರು ಬದಲಿಸುತ್ತ ಹೇಳಿದರು. "ಚುಚ್ಚೋರೇ ಅಳು ಮುಖ ಮಾಡಿದ್ರೆ ಚುಚ್ಚಿಸ್ಕೊಳ್ಳೋರು ಏನ್ಮಾಡ್ಬೇಕು?"

"ಅಳ್ತಿಲ್ಲ ಸಾರ್."

"ಅದೇ ನಾನೂ ಹೇಳಿದ್ದು. ಅತ್ತಿದ್ರೆ ವಾಸಿಯಾಗಿತ್ತು."

ಶೆಡ್ಡು ಕಾಣುವ ಮೊದಲೇ ಅದರ ವಾಸನೆ ಬಂದಿತು. ರಸ್ತೆಯ ಎರಡೂ ಬದಿ ಹುಣಸೆ ಮರ, ಆಚೆ ಬಂಡೆ, ಬಿಸಿಲು, ಅದರ ನಡುವೆ ಅತಿಯಾಗಿ ಮಾಗಿದ ಬಾಳೆಹಣ್ಣಿನಂಥ ಸಿಹಿ ಘಾಟು. ಬಣ್ಣ ತೆಳುವಾಗಿಸುವ ತಿನ್ನರ್. ಮದುವೆಯಾದ ಹೊಸದರಲ್ಲಿ ಅವಳಿಗೆ ಅದು ಗೌರೀಶನ ಮೈಯ ವಾಸನೆ ಎಂದೇ ಅನ್ನಿಸಿತ್ತು. ಅವನ ಅಂಗಿ, ತಲೆದಿಂಬು, ನಕ್ಕಾಗ ಬರುವ ಉಸಿರು, ಎಲ್ಲದರಲ್ಲೂ ಅದೇ ಇತ್ತು, ಅವಳಿಗೆ ಅದು ಇಷ್ಟವೂ ಆಗಿತ್ತು. ಗೌರೀಶ ಆರು ಬಣ್ಣದ ಮಷೀನಿನ ಆಪರೇಟರ್. ಚಿಕ್ಕಿ, ಹುರಿಗಾಳು, ಮಿಕ್ಸ್ಚರ್ ಪೊಟ್ಟಣಗಳ ಮೇಲಿನ ಚಿತ್ರ ಆರು ಉರುಳೆಗಳಿಂದ ಆರು ಸಲ ಅಚ್ಚಾಗಿ ಒಂದರ ಮೇಲೊಂದು ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂರಬೇಕು. ಬೇರೆಯವರು ಭೂತಗನ್ನಡಿ ಹಿಡಿದು ನೋಡುವುದನ್ನು ಅವನು ಓಡುವ ಹಾಳೆಯ ಮೇಲೆ ಬರಿಗಣ್ಣಲ್ಲಿ ಹಿಡಿಯುತ್ತಿದ್ದ. ಮದುವೆಯಾದ ಮೊದಲ ವಾರ ಅವನ ಉಗುರ ಸಂದಿಯಲ್ಲಿ ಹಸಿರು, ಮಣಿಕಟ್ಟಿನಲ್ಲಿ ಕೆಂಪು ಕಂಡು, "ಯಾರ ಜೊತೆ ಹೋಳಿ ಆಡ್ಕೊಂಡು ಬಂದ್ರಿ?" ಎಂದು ಅವಳು ನಕ್ಕಿದ್ದಳು. ಅಷ್ಟೇ ಅಂದದ್ದು. ಮರುದಿನದಿಂದ ಅವನು ಪಾಳಿ ಮುಗಿದ ಮೇಲೆ ಬಕೆಟ್ಟಿನಲ್ಲಿ ತಿನ್ನರ್ ಸುರಿದುಕೊಂಡು ಮೊಣಕೈವರೆಗೆ ಎರಡೆರಡು ಸಲ ತೊಳೆದು, ಬನಿಯನ್ ಬಟ್ಟೆಯ ಚೂರಿನಿಂದ ಉಜ್ಜಿಕೊಂಡು ಬರತೊಡಗಿದ. ಎಂ.ಎಸ್ಸಿ. ಓದಿದ ಹೆಂಡತಿ. ಬಣ್ಣದ ಕೈಯಲ್ಲಿ ಹೇಗೆ ಮುಟ್ಟುವುದು. ಅವನ ಚರ್ಮ ಬೆಳ್ಳಗೆ ಬಿರಿದು ಹಳೆಯ ಸುಣ್ಣದ ಗೋಡೆಯ ಹಾಗಾಯಿತು. "ನೋಡು, ಒಂದು ಚುಕ್ಕೆ ಇದ್ರೆ ತೋರ್ಸು" ಎಂದು ಅಂಗೈ ಎರಡೂ ಮುಂದೆ ಚಾಚುತ್ತಿದ್ದ. ತಿನ್ನರಿನಲ್ಲಿ ಏನಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಎರಡನೆಯ ಸೆಮಿಸ್ಟರಿನಲ್ಲಿ, ಬೆಂಜೀನ್ ಲಿವರಿನಲ್ಲಿ ಒಡೆದು ಮೂಳೆಯೊಳಗಿನ ಮಜ್ಜೆಯನ್ನು ಹೇಗೆ ಸೇರುತ್ತದೆ, ರಕ್ತ ಹುಟ್ಟುವ ಜಾಗವನ್ನೇ ಹೇಗೆ ಬರಿದು ಮಾಡುತ್ತದೆ ಎಂದು ಹತ್ತು ಅಂಕಕ್ಕೆ ಬರೆದಿದ್ದಳು. ಒಂಬತ್ತು ಬಂದಿತ್ತು. ಆ ಉತ್ತರ ತುಮಕೂರಿನ ಕಾಲೇಜಿನ ಯಾವುದೋ ಕಪಾಟಿನಲ್ಲಿ ಇತ್ತು. ಈ ಕೈಗಳು ಅವಳ ಅಡುಗೆಮನೆಯಲ್ಲಿ ಇದ್ದವು. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಶೆಡ್ಡಿನ ಪಕ್ಕದ ಊಟದ ಕೋಣೆಯಲ್ಲಿ ಮೇಜು ಹಾಕಿದ್ದರು. ಕಾರ್ಮಿಕರ ವಿಭಾಗ ನೋಡಿಕೊಳ್ಳುವ ಪ್ರಸನ್ನ ಕುಮಾರ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು ಕೈಮುಗಿದರು. "ಗೌರೀಶ್ ಮಿಸೆಸ್ ಅಲ್ವಾ? ಬಹಳ ಒಳ್ಳೆ ಹುಡುಗ. ಅಂಥ ಆಪರೇಟರ್ ಮತ್ತೆ ಸಿಗಲ್ಲ ನಮಗೆ." ಒಂದು ಕ್ಷಣ ತಲೆ ತಗ್ಗಿಸಿ ನಿಂತರು. ಅಷ್ಟು ಸಾಕಾಗಿತ್ತು. ಆದರೆ ಅವರು ಮುಂದುವರಿಸಿದರು. "ವಿಧಿ ನೋಡಿ. ಹೋದ ವರ್ಷದ ಕ್ಯಾಂಪಲ್ಲಿ ರಕ್ತ ಎಲ್ಲ ಫಸ್ಟ್ ಕ್ಲಾಸ್ ಇತ್ತು. ಅದಾಗಿ ಐದೇ ತಿಂಗಳಿಗೆ." ಭುವನಾ ಟ್ಯೂಬುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಒಂದು ಜಾರಿ ಉರುಳಿತು. ಎತ್ತಿಟ್ಟಳು. ಶಿಬಿರಕ್ಕೆ ದೀಪ ಹಚ್ಚುವ ಶಾಸ್ತ್ರವಿತ್ತು. ಪ್ರಸನ್ನ ಕುಮಾರ್ ಮೇಣದಬತ್ತಿಯನ್ನು ಅವಳ ಕಡೆಗೆ ಚಾಚಿದರು, ಅವಳ ಬರಿಯ ಹಣೆ ನೋಡಿದರು, ಚಾಚಿದ ಕೈ ನಡುವೆ ನಿಂತಿತು. ಸಂಜೀವಯ್ಯ ಬೇಗನೆ ಅದನ್ನು ತೆಗೆದುಕೊಂಡು, "ನೀನು ಸೂಜಿ ರೆಡಿ ಮಾಡ್ಕೊಮ್ಮ" ಅಂದರು. ಸಾಲಿನಲ್ಲಿ ನಿಂತವರೆಲ್ಲ ಇದನ್ನು ನೋಡಿ, ನೋಡಲಿಲ್ಲವೆಂಬಂತೆ ನಿಂತರು. ಅವಮಾನವಾಗಬೇಕಿತ್ತು. ಆದರೆ ಅವಳಿಗೆ ಅನಿಸಿದ್ದು ಇಷ್ಟೇ: ರಕ್ತ ಫಸ್ಟ್ ಕ್ಲಾಸ್ ಇತ್ತು. ಹೌದು. ಇತ್ತು. ನನ್ನದು.

ಹೋದ ವರ್ಷ ಇದೇ ಆಷಾಢದಲ್ಲಿ ಅವಳು ಕ್ಯಾಂಪಿಗೆ ಬಂದಿರಲಿಲ್ಲ. ಟ್ಯೂಬುಗಳು ಲ್ಯಾಬಿಗೆ ಬಂದಿದ್ದವು. ಆ ಬೆಳಿಗ್ಗೆ ಗೌರೀಶ ಶೂ ಹಾಕಿಕೊಳ್ಳುತ್ತ ಹೇಳಿದ್ದ, ಹಿಂದಿನ ವರ್ಷ ತನ್ನ ರಕ್ತದ ಕೌಂಟು ಕಡಿಮೆ ಬಂದಿತ್ತು, ಎರಡನೆಯ ಸಲವೂ ಕಡಿಮೆ ಬಂದವರನ್ನು ಮಷೀನಿನಿಂದ ಇಳಿಸಿ ಅಂಗಳದ ಕೆಲಸಕ್ಕೆ ಹಾಕುತ್ತಾರೆ ಎಂದು. "ನಿನ್ ಕೈಯಲ್ಲೇ ಐತಲ್ಲೇ ರಕ್ತ ಎಣ್ಸೋ ಮಷೀನು. ಒಂದ್ಸಲ ನೋಡ್ಕೊ." ಅವಳು ಮೊದಲು ಅವನದನ್ನೇ ಹಾಕಿ ನೋಡಿದಳು. ಬಿಳಿ ಕಣ ಎರಡು ಸಾವಿರದ ಒಂಬೈನೂರು. ನಾಲ್ಕು ಸಾವಿರವಾದರೂ ಇರಬೇಕಿತ್ತು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಅರವತ್ತೆರಡು ಸಾವಿರ. ಒಂದೂವರೆ ಲಕ್ಷ ಇರಬೇಕಿತ್ತು. ಹಿಮೋಗ್ಲೋಬಿನ್ ಹತ್ತು. ಮಷೀನು ತಪ್ಪಿರಬೇಕೆಂದು ಮತ್ತೊಮ್ಮೆ ಹಾಕಿದಳು. ಅದೇ ಬಂತು. ಫೋನ್ ಮಾಡಿದಾಗ ಅವನು ಗದ್ದಲದ ನಡುವಿನಿಂದ ಕೂಗಿದ, "ಮೊನ್ನೆ ಜ್ವರ ಬಂದಿತ್ತಲ್ಲೇ, ಅದಕ್ಕಿರ್ಬೇಕು. ಮುಂದಿನ ತಿಂಗ್ಳು ದೊಡ್ಡ ಡಾಕ್ಟ್ರಿಗೆ ತೋರ್ಸಾನ. ಈಗ ಇಳಿಸ್ಬುಟ್ರೆ ನನ್ ಮಷೀನ್ ಬೇರೆಯೋನ ಕೈಗೆ ಹೋಯ್ತದೆ." ಮುಂದಿನ ತಿಂಗಳು ಎಂಬ ಮಾತನ್ನು ಅವಳು ಹಿಡಿದುಕೊಂಡಳು. ಎಲ್ಲರೂ ಟೀಗೆ ಹೋಗಿದ್ದಾಗ ರಬ್ಬರ್ ಪಟ್ಟಿಯ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆದು, ತನ್ನ ಎಡಗೈಗೆ ತಾನೇ ಚುಚ್ಚಿಕೊಂಡು, ನೇರಳೆ ಮುಚ್ಚಳದ ಹೊಸ ಟ್ಯೂಬು ತುಂಬಿ ಅದರ ಮೇಲೆ ಅವನ ಹೆಸರು ಬರೆದಳು. ಬರೆಯುವಾಗ ಒಂದು ಬಗೆಯ ಸುಖವೂ ಆಗಿತ್ತು. ಅದನ್ನು ಅವಳು ಇನ್ನೂ ಕ್ಷಮಿಸಿಕೊಂಡಿರಲಿಲ್ಲ. ಮುಂದಿನ ತಿಂಗಳು ಬರುವ ಹೊತ್ತಿಗೆ ಅವನು ಚೆನ್ನಾಗೇ ಇದ್ದ. ಅದರ ಮುಂದಿನ ತಿಂಗಳು ಹಲ್ಲುಜ್ಜುವಾಗ ಬಾಯ ತುಂಬ ಕೆಂಪು.

ಬೆಂಗಳೂರಿನ ಆಸ್ಪತ್ರೆಯಲ್ಲಿ, ಮಜ್ಜೆ ಬರಿದಾಗಿದೆ ಎಂದು ಹೇಳಿ ಡಾಕ್ಟರು ಕೇಳಿದ್ದರು: ಇವರದು ಏನು ಕೆಲಸ, ಮೊದಲು ಯಾವಾಗಲಾದರೂ ರಕ್ತ ಪರೀಕ್ಷೆ ಆಗಿತ್ತೇ? ಅತ್ತೆ ಸರೋಜಮ್ಮ ಕೊರಟಗೆರೆಯಿಂದ ಬರುವಾಗಲೇ ಸೆರಗಿನಲ್ಲಿ ಗಂಟು ಹಾಕಿಕೊಂಡು ತಂದಿದ್ದ ಕಾಗದವನ್ನು ಬಿಚ್ಚಿ, "ನೋಡಿ ಸ್ವಾಮಿ, ನಾಕು ತಿಂಗ್ಳ ಕೆಳ್ಗೆ ಎಲ್ಲ ಸರಿಯಾಗಿತ್ತು ನನ್ ಮಗಂಗೆ" ಎಂದು ಕೊಟ್ಟರು. ಡಾಕ್ಟರು ಅದನ್ನು ಓದಿ ತಲೆಯಾಡಿಸಿದರು. "ಹಾಗಾದ್ರೆ ಈಚೆಗೆ ಶುರುವಾಗಿರೋದು. ಕೆಲಸದಿಂದ ಅಂತ ಹೇಳೋಕಾಗಲ್ಲ." ಚೀಟಿಯಲ್ಲಿ, ಕಾರಣ ತಿಳಿದಿಲ್ಲ ಎಂದು ಬರೆದರು. ಭುವನಾ ಅತ್ತೆಯ ಹಿಂದೆ, ಗೋಡೆಗೆ ಆತು ನಿಂತಿದ್ದಳು. ಬಾಯಿ ತೆರೆಯಲು ಒಂದು ಉಸಿರು ಸಾಕಿತ್ತು. ಆ ಉಸಿರು ಬರಲಿಲ್ಲ. ಆ ಮೇಲೆ ಕೊರಟಗೆರೆಯ ಮನೆಯಲ್ಲಿ ಬಂದುಹೋದವರಿಗೆಲ್ಲ ಸರೋಜಮ್ಮ ಆ ಕಾಗದ ತೋರಿಸಿದರು. "ಮದ್ವೆ ಆಗೋಗಂಟ ಒಂದು ನೆಗಡಿ ಬಂದಿರ್ಲಿಲ್ಲ ಕಣಮ್ಮ ನನ್ ಮಗಂಗೆ." ಹೇಳುವಾಗ ಸೊಸೆಯ ಕಡೆಗೆ ನೋಡುತ್ತಿರಲಿಲ್ಲ. ನೋಡದೆ ಇರುವುದೇ ನೋಡುವುದಾಗಿತ್ತು. ಆ ಕಾಗದಕ್ಕೆ ಈಗ ಪ್ಲಾಸ್ಟಿಕ್ ಹೊದಿಸಿ ದೇವರ ಗೂಡಿನ ಕೆಳಗೆ ಇಟ್ಟಿದ್ದಾರೆ. ವಿಭೂತಿಗಟ್ಟಿಯ ಪಕ್ಕದಲ್ಲಿ ಭುವನಾಳ ಆರೋಗ್ಯವಂತ ರಕ್ತ ಬೆಚ್ಚಗೆ ಕೂತಿದೆ.

"ಏನ್ ತಾಯೀ, ನಿದ್ದೆನಾ? ನಮ್ದೂ ಎಳ್ಕೊಳವ್ವ." ಎದುರು ಕುರ್ಚಿಯಲ್ಲಿ ಓಬಳಯ್ಯ ಕೂತಿದ್ದ. ಐವತ್ತೈದು ದಾಟಿದ ಮನುಷ್ಯ, ಹಿಂದಿನ ಕೋಣೆಯಲ್ಲಿ ತಿನ್ನರ್ ಬೆರೆಸಿ ಬಣ್ಣ ಕದಡುವವನು. ಅವನ ಕೆನ್ನೆಯೊಳಗೆ ಬೆಲ್ಲದ ಉಂಡೆ ಇತ್ತು. ಬೆಲ್ಲ ತಿಂದರೆ ತಿನ್ನರ್ ಇಳಿದುಹೋಗುತ್ತದೆಂದು ಫ್ಯಾಕ್ಟರಿಯವರೇ ದಿನಾ ಬೆಳಿಗ್ಗೆ ಒಂದೊಂದು ಉಂಡೆ ಕೊಡುತ್ತಿದ್ದರು.

"ಈ ಸಲ ನಂದು ಕಮ್ಮಿ ಬಂದ್ರೆ ಕೇಳು. ಹತ್ತು ದಿನ ರಜಾ ಹಾಕ್ಬುಟ್ಟು ಸಿದ್ದರಬೆಟ್ಟದಲ್ಲಿ ಗಾಳಿ ಕುಡ್ಕಂಡು ಬಂದಿವ್ನಿ. ಅಲ್ಲಿ ಗಾಳೀಲೇ ಔಸ್ದಿ ಐತಂತೆ."

ಹಿಂದಿನಿಂದ ಯಾರೋ, "ಬೀಟ್ರೂಟ್ ವಿಚಾರ ಹೇಳೋ ಮಾವ" ಅಂದರು.

"ಅದೂ ತಿಂದೆ ಕಣ್ಲಾ. ಉಚ್ಚೆಯೆಲ್ಲ ಕೆಂಪಗೆ ಬಂತು. ಒಳಗಡೆ ಎಷ್ಟು ಉಳೀತೋ ಆ ಸಿದ್ದಪ್ಪನೇ ಬಲ್ಲ."

ಸಾಲು ನಕ್ಕಿತು. ಭುವನಾಗೂ ತುಟಿಯ ತುದಿಯಲ್ಲಿ ಏನೋ ಆಡಿದಂತಾಯಿತು. ಇವರೆಲ್ಲ ಪರೀಕ್ಷೆಗೆ ಓದಿಕೊಂಡು ಬಂದಿದ್ದರು. ರಕ್ತ ಕೆಟ್ಟಿದೆಯೇ ಎಂದು ತಿಳಿಯುವುದಕ್ಕೆ ಯಾರೂ ಬಂದಿರಲಿಲ್ಲ. ಪಾಸಾಗುವುದಕ್ಕೆ ಬಂದಿದ್ದರು. ರಿಪೋರ್ಟು ಅವರ ಕೈಗೆ ಸಿಗುವುದೂ ಇಲ್ಲ. ಅದು ಕವರಿನಲ್ಲಿ ಪ್ರಸನ್ನ ಕುಮಾರರ ಮೇಜಿಗೆ ಹೋಗುತ್ತದೆ, ಅಲ್ಲಿಂದ ಫಿಟ್, ಅನ್‌ಫಿಟ್ ಎಂಬ ಒಂದು ಮಾತು ಮಾತ್ರ ಹೊರಗೆ ಬರುತ್ತದೆ. ಗೌರೀಶ ಹೋದ ವರ್ಷದ ಕಾಗದವನ್ನು ಬೇಡಿ, ಕಾಡಿ ಒಂದು ನಕಲು ಮಾಡಿಸಿಕೊಂಡು ಬಂದಿದ್ದ, ಅಮ್ಮನಿಗೆ ತೋರಿಸುವುದಕ್ಕೆಂದು. "ನಿಮ್ಮದು ಆಮೇಲೆ ತಗೋತೀನಿ, ಬೆಲ್ಲ ಉಗುಳಿ, ನೀರು ಕುಡಿದು ಕೂತಿರಿ" ಎಂದು ಭುವನಾ ಓಬಳಯ್ಯನನ್ನು ಎಬ್ಬಿಸಿದಳು. ಅದಕ್ಕೂ ರಕ್ತಕ್ಕೂ ಸಂಬಂಧವಿರಲಿಲ್ಲ. ಅವಳಿಗೆ ಒಂದು ಗಳಿಗೆ ಬೇಕಿತ್ತು, ಅಷ್ಟೇ.

ಮುಂದೆ ಬಂದದ್ದು ಲಕ್ಷ್ಮೀದೇವಿ. ಪಾವಗಡದ ಕಡೆಯವಳು, ವಳ್ಳೂರು. ಊರಿನ ಹೊಲಗಳೆಲ್ಲ ಸೋಲಾರ್ ಹಲಗೆಗಳ ಕೆಳಗೆ ಹೋದ ಮೇಲೆ ಕೂಲಿಗೆಂದು ಈ ಕಡೆ ಬಂದು, ಮಷೀನಿನ ಉರುಳೆಗಳನ್ನು ತಿನ್ನರ್ ಬಟ್ಟೆಯಲ್ಲಿ ಒರೆಸುವ ಕೆಲಸಕ್ಕೆ ಸೇರಿದ್ದಳು. ಗೌರೀಶ ಮನೆಯಲ್ಲಿ ಅವಳ ತೆಲುಗು ಬೆರೆತ ಮಾತು ಅಣಕಿಸಿ ನಗಿಸುತ್ತಿದ್ದ. ಅವಳು ಕುರ್ಚಿಯಲ್ಲಿ ಕೂತು, ತೋಳು ಕೊಡದೆ, ಮುಂದಕ್ಕೆ ಬಾಗಿದಳು.

"ಅಕ್ಕಾ, ಗೌರೀಶಣ್ಣಂಗೆ ಮಾಡ್ದಲ್ಲ, ನಂಗೂ ಅಂಗೇ ಮಾಡ್ಬುಡು."

"ಏನು ಮಾಡಿದ್ದು?"

"ಅದೇ ಕದಾ ಅಕ್ಕಾ. ನಿನ್ ರಕ್ತ. ಅಣ್ಣನೇ ಹೇಳಿದ್ರು. ನನ್ ಹೆಂಡ್ತಿ ರಕ್ತ ನನ್ ಹೆಸ್ರಲ್ಲೈತೆ, ಇನ್ಯಾವನು ನನ್ನ ಮಷೀನಿಂದ ಇಳಿಸ್ತಾನೆ ನೋಡ್ತೀನಿ ಅಂತ ನಗಾಡ್ತಿದ್ರು. ನಮ್ಗೆಲ್ಲ ಬೆಲ್ಲ ಹಂಚಿದ್ರು ಅವತ್ತು."

ಭುವನಾಳ ಕಿವಿಯಲ್ಲಿ ಶೆಡ್ಡಿನ ಸದ್ದೆಲ್ಲ ಒಮ್ಮೆ ನಿಂತುಹೋಗಿ ಮತ್ತೆ ಶುರುವಾಯಿತು. ಏಳು ತಿಂಗಳಿಂದ ಅವಳು ಯಾರಿಗೂ ಹೇಳದೆ, ತನಗೂ ಪೂರ್ತಿ ಹೇಳಿಕೊಳ್ಳದೆ, ಎದೆಯಡಿ ಇಟ್ಟುಕೊಂಡಿದ್ದು ಈ ಶೆಡ್ಡಿನಲ್ಲಿ ಹೋದ ವರ್ಷದಿಂದಲೂ ನಗೆಮಾತಾಗಿ ಓಡಾಡಿಕೊಂಡಿತ್ತು. ಅವನು ನಕ್ಕಿದ್ದ. ಬೆಲ್ಲ ಹಂಚಿದ್ದ. ಅವನ ಮೇಲೆ ಅವಳಿಗೆ ಸಿಟ್ಟು ಬಂತು, ಸತ್ತ ಮೇಲೆ ಮೊದಲ ಸಲ. ಬಿಸಿಯಾಗಿ, ಜೀವಂತವಾಗಿ ಬಂತು. ಅದರ ಬೆನ್ನಿಗೇ, ಅವನಿಗೆ ಎಷ್ಟು ಖುಷಿಯಾಗಿತ್ತಲ್ಲ ಅನ್ನಿಸಿತು. "ತೋಳು ಕೊಡಿ," ಅಂದಳು. ಲಕ್ಷ್ಮೀದೇವಿ ಕೊಡಲಿಲ್ಲ. ಭುವನಾ ತಾನೇ ಅವಳ ಕೈ ಹಿಡಿದು ರವಿಕೆಯ ತೋಳು ಮೇಲೆ ಸರಿಸಿದಳು. ಮೊಣಕೈ ಮೇಲೆ ಮೂರು ನೀಲಿ ಕಲೆ, ಅದರಲ್ಲೊಂದು ಅಂಗೈಯಷ್ಟು ಅಗಲ. ಕೆಳಗೆ ಮಣಿಕಟ್ಟಿನವರೆಗೆ ರಾಗಿಕಾಳು ಚೆಲ್ಲಿದ ಹಾಗೆ ಕೆಂಪು ಚುಕ್ಕೆಗಳು. ಗೌರೀಶನ ಕಾಲುಗಳ ಮೇಲೂ ಮೊದಲು ಬಂದದ್ದು ಇವೇ.

"ಇದು ಎಷ್ಟು ದಿನದಿಂದ?"

"ಉರುಳೆ ತಗುಲ್ತು ಅಕ್ಕಾ."

"ಹಲ್ಲುಜ್ಜುವಾಗ ರಕ್ತ ಬರುತ್ತಾ?"

ಲಕ್ಷ್ಮೀದೇವಿ ಬಾಯಿ ಮುಚ್ಚಿಕೊಂಡಳು. ಬಾಯಿ ತೆರೆದರೆ ಕಾಣುತ್ತದೆ ಎಂಬಂತೆ.

"ನಾನು ಮಾಡಲ್ಲ ಲಕ್ಷ್ಮೀದೇವಿ."

"ಯಾಕೆ? ಖಾಲಿ ಆಗೋತದಾ ನಿನ್ ರಕ್ತ? ಹೋದ್ವರ್ಷ ನಮ್ ನಾದಿನೀನ ಬೆಳಿಗ್ಗೆಯೇ ಕರ್ಕಂಡ್ಬಂದು ನನ್ ಹೆಸ್ರಲ್ಲಿ ಕೂರ್ಸಿದ್ದೆ. ಈ ಸಲ ಅವ್ಳು ಬಸುರಿ. ಆಗಲ್ಲ ಅಂದ್ಳು. ನಾನೊಬ್ಳೇ ಅಲ್ಲ, ಇಲ್ಲಿ ಕೇಳ್ನೋಡು, ಯಾರ್ಯಾರ ಹೆಸ್ರಲ್ಲಿ ಯಾರ್ಯಾರ ರಕ್ತ ಐತೋ." ಅವಳ ದನಿ ಏರಿತು. "ಗಂಡಂಗಾದ್ರೆ ರಕ್ತ ಕೊಡ್ತೀಯ, ನಮಗಾದ್ರೆ ನ್ಯಾಯ ಹೇಳ್ತೀಯ. ಓದ್ದೋರ ಬುದ್ಧಿ ಇಷ್ಟೇ ಬುಡು."

"ಗಂಡನಿಗೆ ಕೊಟ್ಟೆ," ಭುವನಾ ಹೇಳಿದಳು. ತನ್ನ ದನಿ ಪಕ್ಕದಿಂದ ಬರುತ್ತಿಲ್ಲ, ಒಳಗಿನಿಂದಲೇ ಬರುತ್ತಿದೆ ಎಂದು ಆಗ ಗೊತ್ತಾಯಿತು. "ಕೊಟ್ಟಿದ್ದಕ್ಕೇ ಅವರಿಗೆ ಏನಾಗಿದೆ ಅಂತ ಯಾರಿಗೂ ಕಾಣಲಿಲ್ಲ. ಆವತ್ತೇ ಕಂಡಿದ್ದರೆ, ಆವತ್ತೇ ಈ ಶೆಡ್ಡು ಬಿಡಿಸಿದ್ದರೆ, ಇದ್ದಿರುತ್ತಿದ್ದರೋ ಏನೋ. ಅವರ ರಕ್ತ ನಾನು ನೋಡಿದ್ದೆ. ನೋಡಿ ಚೆಲ್ಲಿದೆ."

ಲಕ್ಷ್ಮೀದೇವಿ ಅವಳನ್ನೇ ನೋಡಿದಳು. ಹಿಂದೆ ಸಾಲಿನಲ್ಲಿದ್ದವರು ಕತ್ತು ಚಾಚಿದ್ದರು. "ಆದ್ರೂ," ಅವಳು ಹಟದಿಂದ ಅಂದಳು. ಎದ್ದು ಗೋಡೆಯ ಬಳಿ ಹೋಗಿ, ತೋಳಿನ ಮೇಲೆ ಸೆರಗು ಎಳೆದುಕೊಂಡು ನಿಂತಳು.

ಭುವನಾ ಕೈಗವಸು ಬಿಚ್ಚಿ, ಕೋಣೆಯ ಮೂಲೆಯಲ್ಲಿ ಫೈಲುಗಳನ್ನು ಇಟ್ಟುಕೊಂಡು ಕೂತಿದ್ದ ಪ್ರಸನ್ನ ಕುಮಾರರ ಹತ್ತಿರ ಹೋದಳು. "ಆಕೆಯನ್ನ ಇವತ್ತೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಮೈಮೇಲೆ ರಕ್ತದ ಚುಕ್ಕೆ ಎದ್ದಿದೆ. ಇವರು ಯಾರೂ ಆ ತಿನ್ನರ್ ಮುಟ್ಟಬಾರದು." ಪ್ರಸನ್ನ ಕುಮಾರ್ ಸಮಾಧಾನದ ನಗೆ ನಕ್ಕರು. ಅವರು ಕೆಟ್ಟವರಲ್ಲ ಎಂದು ಅವಳಿಗೆ ಆ ಕ್ಷಣದಲ್ಲೂ ಅನ್ನಿಸಿತು. ಗೌರೀಶನ ತಿಥಿಗೆ ಬಂದು ಎಲೆಯ ಮುಂದೆ ಕಣ್ಣೀರು ಹಾಕಿದ್ದ ಮನುಷ್ಯ. "ಮೇಡಂ, ನಿಮ್ಮ ನೋವು ನನಗೆ ಅರ್ಥ ಆಗುತ್ತೆ. ಆದ್ರೆ ನೀವು ಓದಿದವರು, ದಾಖಲೆ ನೋಡಿ ಮಾತಾಡ್ಬೇಕು. ಹೋದ ವರ್ಷ ಇಲ್ಲಿ ಅರವತ್ತೊಂದು ಜನ. ಅರವತ್ತೊಂದೂ ಫಿಟ್. ನಿಮ್ಮ ಯಜಮಾನರದೇ ನೋಡಿ." ಅವರು ಹಳೆಯ ಫೈಲು ತೆರೆದು ಅವಳ ಕಡೆಗೆ ತಿರುಗಿಸಿದರು. "ಬಿಳಿ ಕಣ ಏಳು ಸಾವಿರದ ಇನ್ನೂರು. ಪ್ಲೇಟ್‌ಲೆಟ್ ಎರಡು ಲಕ್ಷದ ಅರವತ್ತು ಸಾವಿರ. ಇಂಥ ರಕ್ತ ಇಟ್ಕೊಂಡು ಇಲ್ಲಿಂದ ಕಾಯಿಲೆ ಬಂತು ಅಂದ್ರೆ ಯಾರು ನಂಬ್ತಾರೆ? ನಿಮ್ಮ ಲ್ಯಾಬೇ ಕೊಟ್ಟಿದ್ದು. ಸಹಿ ನಿಮ್ಮದೇ ಅಲ್ವಾ?"

ಸಹಿ ಅವಳದೇ. ದುಂಡಗೆ, ಅವಸರವಿಲ್ಲದೆ ಹಾಕಿದ ಸಹಿ. ಅದನ್ನು ನೋಡುತ್ತ ನಿಂತಾಗ ಅವಳಿಗೆ ಆಸ್ಪತ್ರೆಯ ಗೋಡೆಯ ತಣ್ಣಗಿನ ಸ್ಪರ್ಶ ಬೆನ್ನಿಗೆ ನೆನಪಾಯಿತು, ಮುಂದೆ ನಿಂತ ಅತ್ತೆಯ ಸೆರಗಿನ ಗಂಟು, ಡಾಕ್ಟರು ಪೆನ್ನಿನ ಮುಚ್ಚಳ ತೆಗೆದದ್ದು. ಈ ಕಾಗದ ಒಂದು ಸಾವನ್ನು ಮುಚ್ಚಿತ್ತು. ಅಷ್ಟಕ್ಕೇ ಅದರ ಕೆಲಸ ಮುಗಿದಿರಲಿಲ್ಲ, ಇವತ್ತೂ ಈ ಮೇಜಿನ ಮೇಲೆ ದುಡಿಯುತ್ತಿತ್ತು, ಗೋಡೆಯ ಬಳಿ ನಿಂತ ಆ ಹೆಂಗಸಿನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಭುವನಾ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡಳು. ಗೌರೀಶ್ ಎಂ. ಎಂಬ ಹೆಸರಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ತನ್ನ ಹೆಸರು ಬರೆದಳು. ಅದರ ಕೆಳಗೆ, ಗೌರೀಶನ ನಿಜವಾದ ಲೆಕ್ಕ ಎಂದು ಬರೆದು, ಮೂರು ಸಂಖ್ಯೆ ಹಾಕಿದಳು. ಅವಕ್ಕಾಗಿ ನೆನಪನ್ನು ತಡಕಾಡಬೇಕಿರಲಿಲ್ಲ. ಇವತ್ತಿನ ತಾರೀಖು, ಮತ್ತೊಂದು ಸಹಿ. ಪ್ರಸನ್ನ ಕುಮಾರ್ ಫೈಲು ಕಿತ್ತುಕೊಳ್ಳುವಷ್ಟರಲ್ಲಿ ಮೊಬೈಲಿನಲ್ಲಿ ಅದರ ಫೋಟೋ ತೆಗೆದಾಗಿತ್ತು.

"ಏನ್ರೀ ಇದು?"

"ಆ ರಕ್ತ ನನ್ನದು. ಅವರ ಟ್ಯೂಬಿಗೆ ನಾನೇ ತುಂಬಿದ್ದು. ಇನ್ನು ಅದನ್ನ ಅವರ ಹೆಸರಲ್ಲಿ ತೋರಿಸಬೇಡಿ."

"ಅಂದ್ರೆ ಮೋಸ ಮಾಡಿದ್ದು ನೀವೇ ಅಂತಾಯ್ತು!"

"ಮಾಡಿದ್ದೀನಿ. ಎಲ್ಲಿ ಬೇಕಾದ್ರೂ ಹೇಳ್ತೀನಿ. ಮೋಸ ಮಾಡಿದ್ದು ನಾನು. ರಕ್ತ ಕೆಡಿಸಿದ್ದು ನಾನಲ್ಲ."

ಸಂಜೀವಯ್ಯ ಟೀ ಲೋಟ ಹಿಡಿದುಕೊಂಡೇ ಓಡಿಬಂದರು. "ಏನ್ ಮಾಡ್ಕೊಂಡೆ ತಾಯೀ? ಲೈಸೆನ್ಸ್ ಹೋಗುತ್ತೆ ಕಣಮ್ಮ. ನಿಂದೂ ಹೋಗುತ್ತೆ, ನಂದೂ ಹೋಗುತ್ತೆ. ಇಪ್ಪತ್ತು ವರ್ಷದ ಲ್ಯಾಬು." ಆಮೇಲೆ ದನಿ ಇಳಿಸಿ, ಮಗುವಿಗೆ ಕೇಳುವಂತೆ, "ನಂಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?" ಅಂದರು. ಅವರಿಗೆ ಅವಳು ಮಾಡಿದ್ದು ಅನ್ಯಾಯವೇ. ಅದನ್ನೂ ಹೊರಬೇಕು. "ತಪ್ಪಾಯ್ತು ಸಾರ್," ಅಂದಳು. ಮುಖ ಕಾದು ಕೆಂಪಾಗಿತ್ತು. ಒಳಗೆ ಎಷ್ಟೋ ತಿಂಗಳಿಂದ ಹೆಪ್ಪುಗಟ್ಟಿದ್ದ ಏನೋ ಒಂದು ನೋಯುತ್ತ ಕದಲುತ್ತಿತ್ತು. ಪ್ರಸನ್ನ ಕುಮಾರ್ ಫೋನು ಕಿವಿಗೆ ಹಚ್ಚಿಕೊಂಡು, "ಕ್ಯಾಂಪ್ ಕ್ಯಾನ್ಸಲ್! ಎಲ್ಲಾ ನಿಮ್ ನಿಮ್ ಮಷೀನಿಗೆ ಹೋಗ್ರಯ್ಯ!" ಎಂದು ಕೂಗುತ್ತ ಬಾಗಿಲಿಗೆ ಹೋದರು. ಸಂಜೀವಯ್ಯ ಟ್ಯೂಬುಗಳನ್ನು ಚೀಲಕ್ಕೆ ತುಂಬತೊಡಗಿದರು.

ಭುವನಾ ತನ್ನ ಮೇಜಿಗೆ ವಾಪಸು ಬಂದು ಕೂತಳು. ಸಂಜೀವಯ್ಯನ ಕೈಯಿಂದ ಒಂದು ಟ್ಯೂಬು, ಒಂದು ಸೂಜಿ ಬಿಡಿಸಿಕೊಂಡಳು. ಅವರು ಬಿಟ್ಟುಕೊಟ್ಟರು. ಸಾಲಿನ ಕಡೆಗೆ ತಿರುಗಿ ಹೇಳಿದಳು, ಕೂಗಲಿಲ್ಲ. "ಯಾರ ರಕ್ತ ಅವರ ಹೆಸರಲ್ಲೇ ತೆಗೀತೀನಿ. ಬಂದ ಲೆಕ್ಕ ಚೀಟಿ ಬರೆದು ಮೊದಲು ನಿಮ್ಮ ಕೈಗೇ ಕೊಡ್ತೀನಿ. ಆಮೇಲೆ ಏನು ಮಾಡಬೇಕು ಅನ್ನೋದು ನೀವೇ ಕೂತು ಯೋಚನೆ ಮಾಡಿ. ಬರೋರು ಬನ್ನಿ. ಇಲ್ಲ ಅಂದ್ರೆ ಇಲ್ಲ." ಯಾರೂ ಕದಲಲಿಲ್ಲ. ಮಷೀನಿಗೂ ಹೋಗಲಿಲ್ಲ, ಮುಂದೆಯೂ ಬರಲಿಲ್ಲ. ಅವರು ಅವಳನ್ನು ದ್ವೇಷಿಸುತ್ತಿರಬಹುದು. ದ್ವೇಷಿಸಲು ಕಾರಣವಿತ್ತು. ಹತ್ತು ದಿನದ ಬೆಟ್ಟದ ಗಾಳಿ, ಬೀಟ್ರೂಟು, ನಾದಿನಿಯರ ರಕ್ತ, ಎಲ್ಲವನ್ನೂ ಅವಳು ಒಂದು ಗಳಿಗೆಯಲ್ಲಿ ನೆಲಕ್ಕೆ ಚೆಲ್ಲಿದ್ದಳು.

ಲಕ್ಷ್ಮೀದೇವಿ ಗೋಡೆ ಬಿಟ್ಟು ಬಂದಳು. ಕುರ್ಚಿಯನ್ನು ಸದ್ದಾಗುವಂತೆ ಎಳೆದು ಕೂತು, ತೋಳನ್ನು ಮೇಜಿನ ಮೇಲೆ ಎಸೆದಂತೆ ಇಟ್ಟಳು.

"ಚುಚ್ಚು. ಕೆಲ್ಸ ಹೋದ್ರೆ ನಿನ್ ಮನೆಗೇ ಬಂದು ಕೂತ್ಕತೀನಿ, ಹೇಳಿವ್ನಿ."

"ಬನ್ನಿ."

"ಮೂರೊತ್ತೂ ಉಣ್ತೀನಿ."

"ಬನ್ನಿ ಅಂದೆನಲ್ಲ."

ರಕ್ತ ತೆಳ್ಳಗೆ, ಬೇಗನೆ ಬಂತು. ಭುವನಾ ಟ್ಯೂಬಿನ ಮೇಲೆ ಹೆಸರು, ಊರು ಬರೆದು ಅವಳಿಗೇ ತೋರಿಸಿದಳು, ಪಟ್ಟಿ ಬಿಚ್ಚಿ, ಹತ್ತಿ ಒತ್ತಿದಳು. ಒಂದು ನಿಮಿಷ ಕಳೆದು ಎತ್ತಿದಾಗ ಸಾಸಿವೆಯಷ್ಟು ಜಾಗದಿಂದ ಕೆಂಪು ಮತ್ತೆ ಉಕ್ಕಿತು. ಹೊಸ ಹತ್ತಿ ಇಟ್ಟು ಒತ್ತಿದಳು. ಎರಡು ನಿಮಿಷ. ಮತ್ತೆ ಒಸರಿತು. ಮೂರನೆಯ ಹತ್ತಿಯೂ ನೆನೆದಾಗ ಸಾಲು ಸಾಲಾಗಿ ಉಳಿದಿರಲಿಲ್ಲ. ಎಲ್ಲರೂ ಮೇಜಿನ ಸುತ್ತ ಬಂದು ನಿಂತಿದ್ದರು.

"ನಿಂತೋಯ್ತಾ ಅಕ್ಕಾ?" ಲಕ್ಷ್ಮೀದೇವಿ ಮೆಲ್ಲಗೆ ಕೇಳಿದಳು. ಈಗ ಅವಳ ದನಿಯಲ್ಲಿ ಜಗಳವಿರಲಿಲ್ಲ.

"ಇಲ್ಲ."

"ಬುಡಬ್ಯಾಡ."

"ಬಿಡಲ್ಲ."

ಪ್ರಸನ್ನ ಕುಮಾರ್ ಗುಂಪು ಸರಿಸಿಕೊಂಡು ಒಳಗೆ ಬಂದರು. "ಹೇಳಿದ್ದು ಕೇಳಿಸ್ಲಿಲ್ವಾ," ಎಂದು ಶುರು ಮಾಡಿದವರು ಮೇಜಿನ ಮೇಲಿನ ಕೆಂಪು ಹತ್ತಿಗಳನ್ನು ಕಂಡು ನಿಂತರು. "ಏನಾಯ್ತು? ಒತ್ತಿ ಹಿಡೀರಿ. ಗಟ್ಟಿಯಾಗಿ ಹಿಡೀರಿ."

"ಹಿಡಿದಿದ್ದೀನಿ," ಭುವನಾ ತಲೆಯೆತ್ತದೆ ಹೇಳಿದಳು. "ನೀವು ಎಲ್ಲೂ ಹೋಗಬೇಡಿ. ಇಲ್ಲೇ ನಿಂತು ನೋಡಿ."

ಅವರು ನಿಂತರು. ಹೋಗಲು ದಾರಿಯೂ ಇರಲಿಲ್ಲ, ಹಿಂದೆ ಜನ ಒತ್ತಿಕೊಂಡಿದ್ದರು. ಓಬಳಯ್ಯ ಬಾಯಲ್ಲಿ ಇನ್ನೂ ಉಳಿದಿದ್ದ ಬೆಲ್ಲವನ್ನು ಅಂಗೈಗೆ ಉಗಿದು ಕಿಟಕಿಯಾಚೆ ಎಸೆದು, ಪಕ್ಕದ ಸ್ಟೂಲು ಎಳೆದುಕೊಂಡು ಕೂತ. ಅಂಗಿಯ ತೋಳು ಮಡಿಸುತ್ತ, "ಅವಳ್ದು ನಿಲ್ಲಲಿ ತಾಯೀ, ಆಮೇಲೆ ನಂದು ತಗಾ" ಅಂದ. "ಎಷ್ಟೈತೋ ಅಷ್ಟೇ ಬರಿ." ಹೊರಗೆ ಯಾರೋ ಮಷೀನು ನಿಲ್ಲಿಸಿದರು. ಭುವನಾಳ ಹೆಬ್ಬೆರಳಿನ ಕೆಳಗೆ ಹತ್ತಿ ಇನ್ನೂ ಬೆಚ್ಚಗೆ ನೆನೆಯುತ್ತಿತ್ತು.